ಮನಿ ಮಾರಾಕ ಇಟ್ಟೀರಿ, ಹೋಗವಲ್ತು? ಗಿರಾಕಿ ಎಲ್ಲಿ ಜಾರಾಕತ್ತಾನ ಮೊದ್ಲ ಹುಡುಕ್ರಿ

"ಬೋರ್ಡ್ ಹಾಕಿ ವರ್ಷಾತ್ರಿ, ಮಂದಿ ಬರ್ತಾರ, ನೋಡ್ತಾರ, ಚಾ ಕುಡೀತಾರ, ಮನ್ಯಾಗ ಕೇಳಿ ಹೇಳ್ತೀವಂತ ಹೋಗ್ತಾರ, ಆಮ್ಯಾಲ ಫೋನ್ ಎತ್ತೂದಿಲ್ಲ." ವಿಜಯಪುರದಿಂದ ಹಿಡದು ಬೆಳಗಾವಿ, ಬಾಗಲಕೋಟಿ, ಜಮಖಂಡಿ, ಗೋಕಾಕ ಕಡೆಯಿಂದೂ ಇದ ಮಾತು ಕೇಳಿ ಕೇಳಿ ಸಾಕಾಗೇತಿ, ಅದಕ್ಕ ಒಮ್ಮೆ ಪೂರ್ತಿ ಬರದು ಇಡಾಕತ್ತೇನಿ.

ಮನಿ ಹೋಗಲಿಲ್ಲ ಅಂದ್ರ ಹೆಚ್ಚಿನ ಮಂದಿ ಮಾಡೂದು ಮೂರ ಕೆಲಸ. ಎರಡು ಲಕ್ಷ ಇಳಸ್ತಾರ, ಇಲ್ಲ ಬಣ್ಣ ಹಚ್ಚಸ್ತಾರ, ಇಲ್ಲಂದ್ರ ವಾಸ್ತು ಹೇಳಾವ್ರನ್ನ ಕರಕೊಂಡ ಬಂದು ಬಾಗಿಲಾ ಒಡಸ್ತಾರ. ಮೂರೂ ಒಂದೊಂದು ಸಲ ಬೇಕಾಗ್ತಾವ, ಇಲ್ಲ ಅನ್ನಂಗಿಲ್ಲ. ಆದ್ರ ರೋಗ ಯಾವುದು ಅಂತ ಗೊತ್ತಿಲ್ಲದ ಗುಳಿಗಿ ನುಂಗಿದಂಗ ಆಗಬಾರದು. ನನ್ನ ಅನುಭವದಾಗ, ಈ ಮೂರ ಜಿಲ್ಲಾದಾಗ ನಿಂತ ಮನಿಗಳು ನಿಲ್ಲೂದು ಹೆಚ್ಚಾಗಿ ಕಾಗದದಾಗ, ಇಲ್ಲಂದ್ರ ರೊಕ್ಕ ಹೆಂಗ ತಗೋತೀವಿ ಅನ್ನೂದ್ರಾಗ. ಬಣ್ಣದಾಗ ನಿಂತಿದ್ದು ಕಡಿಮಿ.

1. ಗಿರಾಕಿ ಎಲ್ಲಿ ಬಿಟ್ಟು ಹೋಗ್ತಾನ, ಪಟ್ಟಿ ಮಾಡ್ರಿ

ಒಂದು ನೋಟ್‌ಬುಕ್ ತಗೋರಿ. ಇಲ್ಲಿತನಕ ಫೋನ್ ಮಾಡಿದಾವ್ರು, ಬಂದು ನೋಡಿದಾವ್ರು, ಎರಡನೇ ಸಲ ಬಂದಾವ್ರು, ರೇಟ್ ಮಾತಾಡಿ ಬಿಟ್ಟಾವ್ರು, ನೆನಪಿದ್ದಷ್ಟು ಬರೀರಿ. ಬರದ್ರ ತಾನ ಗೊತ್ತಾಗ್ತೈತಿ.

ಫೋನ ಬರವಲ್ತಂದ್ರ ಗಡಬಡಿ ಇರೂದು ರೇಟಿನ್ಯಾಗ ಇಲ್ಲಾ ಜಾಹೀರಾತಿನ್ಯಾಗ. ಮನಿ ನೋಡೇ ಇಲ್ಲಲ್ಲ, ಮನಿ ಚಂದ ಇಲ್ಲ ಅಂತ ಹೆಂಗ ಅಂದಾರು? ಫೋನ್ ಬರ್ತೈತಿ ಆದ್ರ ಮನಿತನಕ ಯಾರೂ ಬರೂದಿಲ್ಲ ಅಂದ್ರ, ಜಾಹೀರಾತಿನ್ಯಾಗ ಏನೋ ಮುಚ್ಚಿಟ್ಟೀರಿ, ಫೋನಿನ್ಯಾಗ ಅದು ಹೊರಗ ಬೀಳಾಕತ್ತೈತಿ. ಬಂದು ನೋಡಿ ಮತ್ತ ಬರೂದಿಲ್ಲ ಅಂದ್ರ ಮನಿ ರಿಪೇರಿ ಕೇಳಾಕತ್ತೈತಿ. ಎರಡ ಮೂರ ಸಲ ಬಂದು, ಹೆಂಡ್ತಿ ಮಕ್ಕಳನ್ನ ಕರಕೊಂಡ ಬಂದು, ರೇಟೂ ಕುದುರಿ, ಆಮ್ಯಾಲ "ನಮ್ಮ ವಕೀಲರು ಸ್ವಲ್ಪ ನೋಡ್ತಾರಂತ" ಅಂದು ಮಾಯ ಆದ್ರ ಅದು ಕಾಗದದ್ದು, ಇಲ್ಲಾ ಲೋನಿಂದು.

ಬಿಟ್ಟು ಹೋದಾವ್ರನ್ನ ನೀವ ಕೇಳಿದ್ರ ಖರೆ ಹೇಳಂಗಿಲ್ಲ, "ನಮ್ಮ ಬಜೆಟ್ ಇಲ್ರಿ" ಅಂತಾರ ಅಷ್ಟ. ನಿಮ್ಮ ಪರಿಚಯದಾವ್ರು ಒಬ್ಬರ ಕಡೆಯಿಂದ, ಮನಿಗೆ ಸಂಬಂಧ ಇಲ್ಲದಾವ್ರು ಇದ್ರ ಇನ್ನೂ ಚಲೋ, ಕೇಳಸ್ರಿ. ಬಜೆಟ್ ಬಿಟ್ಟು ಬ್ಯಾರೆ ಕಾರಣ ಒಬ್ಬರಲ್ಲ ಒಬ್ಬರು ಹೇಳ ಹೇಳ್ತಾರ.

2. ಕಾಗದ: ಗಿರಾಕಿ ಕೇಳೂಕ್ಕಿಂತ ಮೊದ್ಲ ನೀವ ನೋಡ್ರಿ

ಇದು ಬ್ಯಾಸರದ ಕೆಲಸ, ಅದಕ್ಕ ಎಲ್ಲಾರೂ ಕಡೀಗೆ ಇಡ್ತಾರ, ಕಡೀಗೆ ಇಟ್ಟದ್ದಕ್ಕ ಸೌದಾ ಮುರೀತೈತಿ.

ಒಂದು ಫೈಲ್‌ದಾಗ ಇವು ಇರಬೇಕು. ನಿಮ್ಮ ಖರೀದಿ ಪತ್ರ, ಅದಕ್ಕಿಂತ ಹಿಂದಿನಾವ್ರ ಖರೀದಿ ಪತ್ರ ಅಂದ್ರ ಆಸ್ತಿ ಕೈಯಿಂದ ಕೈಗೆ ಹೆಂಗ ಬಂತು ಅನ್ನೂ ಸರಪಳಿ, ಜಾಗಾ ಎನ್.ಎ. ಆಗಿದ್ದ ಆದೇಶ (ಹೊಲದ ಜಮೀನು ಮನಿ ಕಟ್ಟೂ ಜಮೀನು ಆತು ಅನ್ನೂ ಆದೇಶ), ಲೇಔಟ್ ನಕ್ಷಾ, ಮನಿ ಕಟ್ಟಿದ ಪರವಾನಗಿ, ಈ ವರ್ಷದ ತೆರಿಗೆ ಪಾವತಿ, ಹೆಸ್ಕಾಂ ಅಂದ್ರ ಕರೆಂಟ್ ಬಿಲ್, ನೀರಿನ ಬಿಲ್. ಸಿಟಿ ಸರ್ವೆ ಆದ ಭಾಗದಾಗಿದ್ರ ಸಿ.ಟಿ.ಎಸ್. ಉತಾರ, ಅಂದ್ರ ಪಿ.ಆರ್. ಕಾರ್ಡ್ (ಆಸ್ತಿ ಯಾರ ಹೆಸರಿಗೆ ಐತಿ ಅನ್ನೂ ಸಿಟಿ ಸರ್ವೆ ಆಫೀಸಿನ ದಾಖಲಿ). ಬಾಗಲಕೋಟಿ ನವನಗರದಾಗಿದ್ರ ಬಿಟಿಡಿಎ (ಬಾಗಲಕೋಟಿ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ) ಹಂಚಿಕೆ ಮಾಡಿ ಕೊಟ್ಟ ಕಾಗದದಿಂದ ಹಿಡದು ಇವತ್ತಿನತನಕ ನಡುವಿಂದು ಒಂದೂ ತಪ್ಪಬಾರದು. ಅಲ್ಲಿ ಆಲಮಟ್ಟಿ ಹಿನ್ನೀರಿಗೆ ಮನಿ ಕಳಕೊಂಡಾವ್ರಿಗೆ ಕೊಟ್ಟ ಪ್ಲಾಟು ಭಾಳ, ಹಂಚಿಕೆ ಆಗಿದ್ದು ಅಜ್ಜನ ಹೆಸರಿಗೆ, ಇರೂದು ಮೊಮ್ಮಗ ಅನ್ನೂದು ಸಾಮಾನ್ಯ, ಅಂಥಾದ್ರಾಗ ವಾರಸಾ, ಅಂದ್ರ ವಾರಸುದಾರರ ಹೆಸರು ದಾಖಲ, ಆಗಿಲ್ಲಂದ್ರ ಯಾವ ಬ್ಯಾಂಕೂ ಮುಟ್ಟಂಗಿಲ್ಲ.

ಮತ್ತ ಇ-ಖಾತಾ. ಪಾಲಿಕೆ, ನಗರಸಭೆ, ಪುರಸಭೆ ಹದ್ದಿನ್ಯಾಗ ಇದ್ರ ಇ-ಆಸ್ತಿ, ಪಂಚಾಯ್ತಿ ಹದ್ದಿನ್ಯಾಗ ಇದ್ರ ಇ-ಸ್ವತ್ತು, ನಮ್ಮ ಮಂದಿ ಕಂಪ್ಯೂಟರ್ ಉತಾರ ಅಂತಾರಲ್ಲ ಅದು. ಇ-ಖಾತಾ ಇಲ್ಲಂದ್ರ ಈಗ ಕಾವೇರಿ 2.0ರಾಗ (ಸರ್ಕಾರದ ಆನ್‌ಲೈನ್ ನೋಂದಣಿ ಪೋರ್ಟಲ್) ನೋಂದಣಿ ಮುಂದ ಹೋಗೂದ ಇಲ್ಲ. ಕೈಬರಹದ ಉತಾರ ಹಿಡಕೊಂಡು "ಮೂವತ್ತು ವರ್ಷದಿಂದ ನಮ್ದ ಐತ್ರಿ" ಅಂದ್ರ ಉಪಯೋಗ ಇಲ್ಲ. ಖಾತಾ ಎ ಐತ್ಯೋ ಬಿ ಐತ್ಯೋ ಅದನ್ನೂ ನೋಡ್ಕೋರಿ. ಬಿ ಖಾತಾ ಅಂದ್ರ ತೆರಿಗೆ ಕಟ್ಟಿಸ್ಕೊತಾರ ಆದ್ರ ಲೇಔಟ್ ಇಲ್ಲಾ ಕಟ್ಟಡ ನಿಯಮದ ಪ್ರಕಾರ ಇಲ್ಲ ಅಂತ ಅರ್ಥ. ಬಿ ಇದ್ರ ಮಾರಾಕ ಆಗಂಗಿಲ್ಲ ಅಂತಲ್ಲ, ಲೋನ್ ಸಿಗೂದು ಕಷ್ಟ, ಅದಕ್ಕ ಗಿರಾಕಿ ಕಡಿಮಿ, ರೇಟೂ ಕಡಿಮಿ. ಇದನ್ನ ಮೊದಲನೇ ಫೋನಿನ್ಯಾಗ ಹೇಳಿಬಿಡ್ರಿ.

ಇ.ಸಿ. ಅಂದ್ರ ಋಣಭಾರ ಪತ್ರ, ಆಸ್ತಿ ಮ್ಯಾಲ ಏನೇನು ವ್ಯವಹಾರ ನೋಂದಣಿ ಆಗ್ಯಾವ ಅನ್ನೂ ಪಟ್ಟಿ. ವ್ಯವಹಾರ ಇದ್ರ ನಮೂನೆ 15 ಬರ್ತೈತಿ, ಏನೂ ಇಲ್ಲಂದ್ರ ನಮೂನೆ 16. ಕಾವೇರಿ ಪೋರ್ಟಲ್‌ದಾಗ ಮನ್ಯಾಗ ಕುಂತ ತಗೋಬಹುದು, 2004ಕ್ಕಿಂತ ಹಿಂದಿಂದು ಬೇಕಾದ್ರ ಸಬ್ ರಜಿಸ್ಟ್ರಾರ್ ಆಫೀಸಿಗೆ ಹೋಗೂದು. ತಗೊಂಡು ಸುಮ್ನ ಫೈಲ್‌ದಾಗ ಇಡಬ್ಯಾಡ್ರಿ, ಓದ್ರಿ. ತೀರಿಸಿದ ಸಾಲ ಇನ್ನೂ ಅದರಾಗ ಕುಂತಿರ್ತೈತಿ, ಯಾಕಂದ್ರ ಸಾಲ ತೀರಿಸಿದ ಮ್ಯಾಲ ಬಿಡುಗಡೆ ಪತ್ರ ನೋಂದಣಿ ಮಾಡಸೂದನ್ನ ಮಂದಿ ಮರೀತಾರ. ಸೊಸೈಟಿ ಸಾಲದ ಬೋಜಾ ಅಂತೂ ಎಷ್ಟೋ ಉತಾರದಾಗ ಹಂಗ ಉಳದಿರ್ತೈತಿ. ಇನ್ನೊಂದು, ಗೃಹಸಾಲ ಪೂರ್ತಿ ತೀರಿಸಿದ 30 ದಿನದೊಳಗ ಬ್ಯಾಂಕ್ ಮೂಲ ಕಾಗದ ವಾಪಸ್ ಕೊಡಬೇಕು, ತಮ್ಮ ತಪ್ಪಿನಿಂದ ತಡ ಮಾಡಿದ್ರ ದಿನಕ್ಕ 5,000 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಐತಿ, 2023ರ ಡಿಸೆಂಬರ್ 1ರಿಂದ ಜಾರಿ ಐತಿ. "ಹೆಡ್ ಆಫೀಸಿನ್ಯಾಗ ಅದಾವ್ರಿ, ಮುಂದಿನ ತಿಂಗಳ ಬರ್ರಿ" ಅಂದ್ರ ಇದನ್ನ ಬರದು ಒಂದು ಅರ್ಜಿ ಕೊಡ್ರಿ.

ಈಗ ಎಲ್ಲಾಕ್ಕಿಂತ ಭಾಳ ಸೌದಾ ಮುರಿಯೂ ವಿಷಯ, ಅಕ್ಕ ತಂಗೇರ ಸಹಿ. ಹಿಂದೂ ಮನೆತನದಾಗ ಅಪ್ಪ ಮೃತ್ಯುಪತ್ರ ಬರೀದ ತೀರಕೊಂಡಿದ್ರ ಅಪ್ಪನ ಸ್ವಂತ ಗಳಿಕೆ ಮನ್ಯಾಗೂ ಹೆಣ್ಣಮಕ್ಕಳಿಗೆ ಗಂಡಮಕ್ಕಳಷ್ಟ ಪಾಲು, ಅವ್ವನಿಗೂ ಪಾಲು. ಪಿತ್ರಾರ್ಜಿತ ಇದ್ರ ಹಿಂದೂ ಉತ್ತರಾಧಿಕಾರ ಕಾನೂನಿಗೆ 2005ರ ತಿದ್ದುಪಡಿ ಆದ ಮ್ಯಾಲ ಮಗಳು ಹುಟ್ಟಿನಿಂದ ಪಾಲುದಾರಳು, ಆವಾಗ ಅಪ್ಪ ಬದುಕಿರಬೇಕಂತ ಏನಿಲ್ಲ ಅಂತ ಸುಪ್ರೀಂ ಕೋರ್ಟ್ 2020ರಾಗ ಸ್ಪಷ್ಟ ಮಾಡೇತಿ. "ಲಗ್ನದಾಗ ಬಂಗಾರ ಹಾಕೀವಲ್ರಿ, ಅವರೇನ ಕೇಳಂಗಿಲ್ಲ" ಅನ್ನೂ ಮಾತು ಗಿರಾಕಿ ವಕೀಲರ ಮುಂದ ನಡಿಯಂಗಿಲ್ಲ. ಅಣ್ಣತಮ್ಮರು ತಮ್ಮತಮ್ಮೊಳಗ ವಾಟ್ನಿ (ಪಾಲು) ಮಾಡ್ಕೊಂಡು ಛಾಪಾ ಕಾಗದದ ಮ್ಯಾಲ ಸಹಿ ಹಾಕಿದ್ದೂ ಸಾಲಂಗಿಲ್ಲ. ಅಕ್ಕ ಸೋಲಾಪುರದಾಗ ಇರ್ಲಿ, ಮಿರಜದಾಗ ಇರ್ಲಿ, ಮೊದ್ಲ ಹೋಗಿ ಕುಂತು ಮಾತಾಡ್ರಿ, ಅವರ ಪಾಲು ಕೊಡೂದಿದ್ರ ಕೊಡ್ರಿ, ಒಲ್ಲೆ ಅಂದ್ರ ನೋಂದಣಿ ಆದ ಹಕ್ಕು ಬಿಡುಗಡೆ ಪತ್ರ ಮಾಡಸ್ಕೋರಿ, ಇಲ್ಲಂದ್ರ ಖರೀದಿ ಪತ್ರಕ್ಕ ಅವರೂ ಬಂದು ಸಹಿ ಹಾಕಲಿ. ಗಿರಾಕಿ ಸಿಕ್ಕ ಮ್ಯಾಲ ಅವರನ್ನ ಕೇಳಾಕ ಹೋದ್ರ ಮನಸ್ಸೂ ಕೆಡ್ತೈತಿ, ಗಿರಾಕಿನೂ ಹೋಗ್ತಾನ.

ಕಾಗದದ ಅಳತಿ, ಜಾಗಾದ ಅಳತಿ ಒಂದ ಐತೇನ ಅಂತ ಟೇಪ್ ಹಿಡದು ನೋಡ್ರಿ. ಖರೀದಿ ಪತ್ರದಾಗ 30×40, ಖಾತಾದಾಗ 28×40, ಕಂಪೌಂಡ್ ಗೋಡಿ ಪಕ್ಕದಾವ್ರ ಕಡೆ ಸರದು ನಿಂತಿದ್ದು, ಇವೆಲ್ಲ ಬ್ಯಾಂಕಿನ ಇಂಜಿನಿಯರ್ ಬಂದ ದಿನ ಹೊರಗ ಬೀಳ್ತಾವ.

3. ರೇಟ್: ನಿಮ್ಮ ಮನಸ್ಸಿಂದಲ್ಲ, ಓಣಿದು

ರೇಟ್ ಹಿಡಿಯಾಕ ಜಾಗಾ ಬ್ಯಾರೆ, ಕಟ್ಟಡ ಬ್ಯಾರೆ ಮಾಡಿ ಲೆಕ್ಕ ಹಾಕ್ರಿ. ಒಂದು ಉದಾಹರಣಿ ಅಷ್ಟ, ನಿಮ್ಮ ಓಣಿ ರೇಟ್ ನೀವ ಹಾಕ್ಕೋರಿ. 30×40 ಅಂದ್ರ 1,200 ಚದರಡಿ, ಚದರಡಿಗೆ 2,000 ಹಿಡದ್ರ ಜಾಗಾಕ್ಕ 24 ಲಕ್ಷ. ಕಟ್ಟಡ 900 ಚದರಡಿ, ಇವತ್ತ ಹೊಸಾದು ಕಟ್ಟಾಕ 1,800 ಹಿಡದ್ರ 16.2 ಲಕ್ಷ, ಮನಿ ಹದಿನೈದ ವರ್ಷ ಹಳೇದಂತ ಕಾಲು ಭಾಗ ಕಡದ್ರ ಸುಮಾರು 12 ಲಕ್ಷ. ಕೂಡಿ 36. ನೀವು 48 ಹೇಳಾಕತ್ತಿದ್ರ ಆ 12 ಲಕ್ಷ ಯಾತರದ್ದು ಅಂತ ನಿಮಗ ನೀವ ಕೇಳ್ಕೋರಿ. ಸಾಗವಾನಿ ಬಾಗಿಲಾ, ದೇವರ ಖೋಲಿಗೆ ಹಾಕಿದ ಅಮೃತಶಿಲೆ, ಅಪ್ಪ ನಿಂತು ಕಟ್ಟಿಸಿದ್ದು, ಎಲ್ಲಾ ಖರೆ, ಆದ್ರ ಅದಕ್ಕ ರೊಕ್ಕ ಕೊಡೂ ಗಿರಾಕಿ ಇಲ್ಲ.

ಓಣಿ ರೇಟ್ ತಿಳಕೊಳ್ಳಾಕ, ಮಂದಿ ಹೇಳೂ ರೇಟ್ ಬಿಟ್ಟು ಮಂದಿ ಕೊಟ್ಟ ರೇಟ್ ಕೇಳ್ರಿ. ಬೆಳಗಾವಿ ಟಿಳಕವಾಡಿಯಾಗ ಯಾರೋ ಒಂದು ಕೋಟಿ ಹೇಳ್ಯಾರಂತ ನಿಮ್ಮ ಕಣಬರ್ಗಿ ಮನಿಗೆ ಅದು ಹೊಂದೂದಿಲ್ಲ. ಸರ್ಕಾರಿ ಮಾರ್ಗಸೂಚಿ ದರ, ಅಂದ್ರ ಇದಕ್ಕಿಂತ ಕಡಿಮಿಗೆ ಮುದ್ರಾಂಕ ಶುಲ್ಕ ಕಟ್ಟಾಕ ಬರೂದಿಲ್ಲ ಅನ್ನೂ ದರ, ಕಾವೇರಿಯಾಗ ಸಿಗ್ತೈತಿ. ಅದು ಕೆಳಗಿನ ಮಿತಿ ಎಲ್ಲಿ ಐತಿ ಅಂತ ತೋರಸ್ತೈತಿ, ಮ್ಯಾಲ ಎಷ್ಟು ಅನ್ನೂದು ಓಣಿಗೆ ಗೊತ್ತು.

ಇಲ್ಲಿ ನಮ್ಮ ಕಡೆ ಮನಿ ನಿಲ್ಲಾಕ ದೊಡ್ಡ ಕಾರಣ ಒಂದೈತಿ, ಯಾರೂ ಬಾಯಿ ಬಿಟ್ಟು ಹೇಳಂಗಿಲ್ಲ. ಕಾಗದದಾಗ ಮಾರ್ಗಸೂಚಿ ದರದಷ್ಟ ತೋರ್ಸೂದು, ಉಳಿದದ್ದು ನಗದು ಕೇಳೂದು. ಹಳೇ ಕಾಲದಾಗ ವ್ಯಾಪಾರಸ್ಥರು ತಗೋತಿದ್ರು, ನಡೀತಿತ್ತು. ಈಗ ಮನಿ ತಗೊಳ್ಳಾವ್ರು ಯಾರು? ಮಾಸ್ತರು, ನರ್ಸ್, ಬ್ಯಾಂಕಿನಾವ್ರು, ಪುಣೆದಾಗ ಬೆಂಗಳೂರಾಗ ಕೆಲಸ ಮಾಡೂ ಹುಡುಗ್ರು. ಎಲ್ಲಾ ಲೋನಿನ ಮ್ಯಾಲ ತಗೊಳ್ಳಾವ್ರು. ಲೆಕ್ಕ ನೋಡ್ರಿ. 40 ಲಕ್ಷದ ಮನಿ, ಪೂರ್ತಿ 40 ಕಾಗದದಾಗ ಐತಿ. 30 ಲಕ್ಷದ ಮ್ಯಾಲ 75 ಲಕ್ಷದತನಕದ ಸಾಲಕ್ಕ ಬ್ಯಾಂಕ್ ಮನಿ ಬೆಲೆದ ಶೇ. 80 ಮೀರಿ ಕೊಡಾಕ ಬರೂದಿಲ್ಲ, ಅಂದ್ರ 32 ಲಕ್ಷ. ಗಿರಾಕಿ ಕೈಯಿಂದ 8 ಲಕ್ಷ, ಮ್ಯಾಲ ನೋಂದಣಿ ಖರ್ಚು. ಶಹರದಾಗ ಮುದ್ರಾಂಕ ಶುಲ್ಕ ಸೆಸ್ ಸರ್ಚಾರ್ಜ್ ಕೂಡಿ ಶೇ. 5.6, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 2 ಆಗೇತಿ, ಒಟ್ಟ 7.6, ಅಂದ್ರ ಮೂರು ಲಕ್ಷದ ಮ್ಯಾಲ. ಹಂಗಾಗಿ ಅವನ ಕೈಯಾಗ 11 ಲಕ್ಷ ಇದ್ರ ಮನಿ ಅವಂದು.

ಈಗ ಅದ ಮನಿನ್ನ 22 ತೋರ್ಸಿ 18 ನಗದು ಕೇಳ್ರಿ. 30 ಲಕ್ಷದೊಳಗಿನ ಸಾಲಕ್ಕ ಹೆಚ್ಚಂದ್ರ ಶೇ. 90 ಕೊಡಬಹುದು, ಅಂದ್ರ 19.8 ಲಕ್ಷ. ಉಳಿದ 2.2, ನಗದು 18, ನೋಂದಣಿಗೆ ಸುಮಾರು 1.7, ಕೂಡಿ ಸುಮಾರು 22 ಲಕ್ಷ ಅವ ಕೈಯಿಂದ ತರಬೇಕು. ಸಂಬಳದಾವ ಎಲ್ಲಿಂದ ತರ್ತಾನ? ಮನಿ ಒಂದ, ರೇಟ್ ಒಂದ, ಆದ್ರ ನೀವ ಅರ್ಧ ಊರನ್ನ ಬಾಗಿಲದಾಗ ನಿಲ್ಲಿಸಿ ವಾಪಸ್ ಕಳಸಿದಂಗಾತು. ನಿಮಗೂ ಸುರಕ್ಷಿತ ಅಲ್ಲ, ಮನಿ ಮಾರಾಟದಾಗ 20,000 ಇಲ್ಲಾ ಅದಕ್ಕಿಂತ ಹೆಚ್ಚು ನಗದು ತಗೊಂಡ್ರ ಆದಾಯ ತೆರಿಗೆ ಕಾನೂನಿನ್ಯಾಗ ತಗೊಂಡಷ್ಟ ದಂಡ ಬೀಳಬಹುದು.

ಟ್ಯಾಕ್ಸ್ ಹೆದರಿಕಿಯಿಂದ ಹಿಂಗ ಮಾಡ್ತೀವಿ ಅನ್ನಾವ್ರು ಒಮ್ಮೆ ಸಿಎ ಕಡೆ ಹೋಗ್ರಿ. 24 ತಿಂಗಳ ಮೀರಿ ನಿಮ್ಮ ಹೆಸರಿನ್ಯಾಗಿದ್ದ ಮನಿ ಮಾರಿದ್ರ ಲಾಭದ ಮ್ಯಾಲ ಶೇ. 12.5, ಮಾರಿದ ರೊಕ್ಕದ ಮ್ಯಾಲಲ್ಲ. 2024ರ ಜುಲೈ 23ಕ್ಕಿಂತ ಮೊದ್ಲ ತಗೊಂಡಿದ್ರ ಹಣದುಬ್ಬರ ಕಳದು ಶೇ. 20 ಅನ್ನೂ ಹಳೇ ಲೆಕ್ಕನೂ ಆರಿಸ್ಕೋಬಹುದು, ಯಾವುದು ಕಡಿಮಿ ಬರ್ತೈತ್ಯೋ ಅದು. ಆ ಲಾಭ ಹಾಕಿ ಎರಡು ವರ್ಷದೊಳಗ ಬ್ಯಾರೆ ಮನಿ ತಗೊಂಡ್ರ, ಇಲ್ಲಾ ಮೂರು ವರ್ಷದೊಳಗ ಕಟ್ಟಿಸಿದ್ರ ವಿನಾಯಿತಿ ಐತಿ. ಲೆಕ್ಕ ಹಾಕಿಸಿ ನೋಡಿದ್ರ ಭಾಳ ಮಂದಿಗೆ ಹೆದರಿದಷ್ಟು ಬರೂದ ಇಲ್ಲ.

ರೇಟ್ ಇಳಸೂದ ಆದ್ರ ಒಮ್ಮೆ ಸರಿಯಾಗಿ ಇಳಸ್ರಿ. ತಿಂಗಳಿಗೊಮ್ಮೆ ಐವತ್ತು ಸಾವಿರ ಐವತ್ತು ಸಾವಿರ ಇಳಿಸಿದ್ರ ಗಿರಾಕಿ ಇನ್ನೂ ಇಳೀತೈತಿ ಅಂತ ಕಾಯ್ತಾನ.

4. ಮನಿ ರಿಪೇರಿ: ಬಿರುಕು, ಸೋರಿಕೆ, ನೀರು

ತಕರಾರು ಹೆಚ್ಚಾಗಿ ಮೂರು.

ವಿಜಯಪುರ, ಬಾಗಲಕೋಟಿ ಕಡೆ ಎರಿ ಭೂಮಿ ಮ್ಯಾಲ ಕಟ್ಟಿದ ಮನಿಗೆ ಬಿರುಕು. ಎರಿ ಮಣ್ಣು ನೀರು ಕುಡದ್ರ ಉಬ್ಬತೈತಿ, ಬ್ಯಾಸಿಗಿಗೆ ಒಣಗಿ ಕುಗ್ಗತೈತಿ, ಅದರ ಮ್ಯಾಲಿನ ತಳಪಾಯನೂ ಅದರ ಜೋಡಿ ಏರಿಳಿದು ಗೋಡಿ ಸೀಳ್ತೈತಿ. ಗಿರಾಕಿ ಮೊದ್ಲ ನೋಡೂದು ಕಿಟಕಿ ಮೂಲಿ. ಕಿಟಕಿ ಮೂಲಿಯಿಂದ ಓರೆಯಾಗಿ ಸ್ಲ್ಯಾಬ್ ಕಡೆ ಹೊಂಟ ಬಿರುಕಿನ್ಯಾಗ ಒಂದು ರೂಪಾಯಿ ನಾಣ್ಯ ಹೋಗೂವಷ್ಟು ಸಂದಿ ಇದ್ರ, ಮಾತು ಅಲ್ಲಿಗೆ ನಿಲ್ತೈತಿ. ಬರೇ ಗಿಲಾವಿನ ಮ್ಯಾಲಿನ ಕೂದಲೆಳಿ ಬಿರುಕು ಬ್ಯಾರೆ, ಅದಕ್ಕ ಪುಟ್ಟಿ ಸಾಕು.

ಬಿರುಕು ಇನ್ನೂ ಬೆಳ್ಯಾಕತ್ತೈತೇನ ನೋಡೂದು ಸರಳ. ಬಿರುಕಿನ ಎರಡೂ ಕಡೆ ಪೆನ್ಸಿಲ್‌ನಿಂದ ಒಂದೊಂದು ಚುಕ್ಕಿ ಇಡ್ರಿ, ನಡುವಿನ ಅಂತರ ಅಳದು ತಾರೀಖ ಬರೀರಿ, ತಿಂಗಳಿಗೊಮ್ಮೆ ಅಳೀರಿ. ಬೆಳೀತಿದ್ರ ತುಂಬಿಸಿ ಉಪಯೋಗ ಇಲ್ಲ, ಮೊದ್ಲ ತಳಪಾಯದ ಹತ್ರ ನೀರು ನಿಲ್ಲೂದು ಬಂದ್ ಮಾಡ್ರಿ. ಮಾಳಗಿ ನೀರಿನ ಪೈಪ್ ಗೋಡಿ ಬುಡಕ್ಕ ಬಿದ್ದಿರ್ತೈತಿ, ಅದನ್ನ ದೂರ ಒಯ್ಯಿರಿ. ನೆಲಟಾಕಿ ಸೋರ್ತಿದ್ರ ಅದನ್ನ ಸರಿ ಮಾಡ್ರಿ. ಮನಿ ಸುತ್ತ ಹೊರಗ ಇಳಿಜಾರು ಇಟ್ಟು ಕಾಂಕ್ರೀಟ್ ಇಲ್ಲಾ ಫರಸಿ ಹಾಕಸ್ರಿ. ಆಮ್ಯಾಲ ಬಿರುಕು. ಒಬ್ಬ ಇಂಜಿನಿಯರ್ ಕಡೆ ತೋರಿಸಿ "ಇದು ಇಂಥ ಕಾರಣಕ್ಕ, ಹಿಂಗ ರಿಪೇರಿ ಆಗೇತಿ" ಅಂತ ಒಂದು ಚೀಟಿ ಬರಸ್ಕೊಂಡ್ರ ಗಿರಾಕಿಗೆ ತೋರ್ಸಾಕ ಬರ್ತೈತಿ. ಬರೇ ಬಣ್ಣ ಹಚ್ಚಿ ಮುಚ್ಚಿದ್ರ ಹೊಸಾ ಬಣ್ಣ ಒಂದ ಗೋಡಿಗೆ ಯಾಕ ಅಂತ ಕೇಳಾವ್ರು ಜಾಣ ಗಿರಾಕಿ ಇರ್ತಾರ.

ಬೆಳಗಾವಿಯಾಗ ಬಿರುಕಿಗಿಂತ ಮಳಿ ಜಾಸ್ತಿ ಕಾಡ್ತೈತಿ. ಜೂನಿಂದ ಸೆಪ್ಟೆಂಬರ್‌ತನಕ ಕಂಪೌಂಡ್ ಗೋಡಿ ಪಾಚಿ ಹಿಡದು ಹಸರ ಆಗಿರ್ತೈತಿ, ಒಳಗ ಮುಗ್ಗಲ ವಾಸನಿ. ಟೆರೇಸಿನ ವಾಟರ್‌ಪ್ರೂಫಿಂಗ್ ಏಪ್ರಿಲ್ ಮೇದಾಗ ಮಾಡಸ್ರಿ, ಅಡ್ಡಗೋಡಿ ಸ್ಲ್ಯಾಬಿಗೆ ಕೂಡೂ ಸಂದಿ, ನೀರಿನ ಪೈಪ್ ಬಾಯಿ ಹತ್ರ, ಸೋರಿಕೆ ಹೆಚ್ಚಾಗಿ ಇಲ್ಲೇ. ಮಾಡಿಸಿ ಒಂದು ಮಳಿಗಾಲ ದಾಟಿದ ಮನಿ ಆದ್ರ ಜುಲೈದಾಗ ಧೈರ್ಯದಿಂದ ತೋರಸ್ರಿ. ಆ ಮಳಿಯಾಗ ಒಣಗಿದ ಗೋಡಿ ನೋಡಿದ ಗಿರಾಕಿಗೆ ಬ್ಯಾರೆ ಮಾತ ಬೇಕಾಗಿಲ್ಲ.

ನೀರು ಎಲ್ಲಾ ಕಡೆ ಕೇಳ್ತಾರ. ನಳ ಎಷ್ಟ ದಿನಕ್ಕೊಮ್ಮೆ, ನೆಲಟಾಕಿ ಎಷ್ಟು ಲೀಟರ್, ಬೋರ್ ಎಷ್ಟು ಫೂಟ್, ಬ್ಯಾಸಿಗಿಯಾಗ ಎಷ್ಟು ಬರ್ತೈತಿ, ಸವಳೋ ಸಿಹಿಯೋ. ಅಂದಾಜಿಲೆ ಹೇಳಬ್ಯಾಡ್ರಿ, ಬೋರ್ ನೀರು ಲ್ಯಾಬಿನ್ಯಾಗ ತಪಾಸ ಮಾಡಿಸಿ ಚೀಟಿ ಇಡ್ರಿ. ಸವಳ ಇದ್ರ ಸವಳ ಅನ್ರಿ, ಬಚ್ಚಲದಾಗಿನ ನಳಕ್ಕ ಹತ್ತಿದ ಬಿಳಿ ಪದರ ಅದನ್ನ ಹೆಂಗೂ ಹೇಳ್ತೈತಿ.

ಉಳಿದದ್ದು ಸಣ್ಣ ಕೆಲಸ. ಕುಂದ್ರದ ಬಾಗಿಲಾ, ಹನಿಯೂ ನಳ, ಕೆಟ್ಟ ಸ್ವಿಚ್, ಸಂಡಾಸದ ಒಡದ ಟೈಲ್ಸ್. ಹಗಲಿಗೆ ಕತ್ತಲಿ ಇರೂ ಖೋಲಿಗೆ ಚಲೋ ಲೈಟ್. ಬಣ್ಣ ಹಚ್ಚೂದಾದ್ರ ತಿಳಿ ಬಣ್ಣ, ಎಲ್ಲಾ ಖೋಲಿಗೂ ಒಂದ. ಮಾಡ್ಯುಲರ್ ಕಿಚನ್, ಫಾಲ್ಸ್ ಸೀಲಿಂಗ್ ಅಂತ ಮಾರೂ ಮನಿಗೆ ಲಕ್ಷಗಟ್ಟಲೆ ಹಾಕಬ್ಯಾಡ್ರಿ, ತಗೊಂಡಾವ್ರು ತಮಗ ಬೇಕಾದಂಗ ಒಡದು ಮಾಡ್ಕೋತಾರ.

ವಾಸ್ತು ಬಗ್ಗೆ ನನ್ನ ಅಭಿಪ್ರಾಯ ಇಷ್ಟ. ನೀವು ನಂಬ್ರಿ ಬಿಡ್ರಿ, ಗಿರಾಕಿ ಕೇಳ್ತಾನ. ಈಶಾನ್ಯಕ್ಕ ಸಂಡಾಸ, ದಕ್ಷಿಣಕ್ಕ ಮುಖ ಇದ್ರ ಅದನ್ನ ಬದಲ ಮಾಡಾಕ ಆಗೂ ಖರ್ಚು ಕೇಳಿಟ್ಟುಕೋರಿ, ಚೌಕಾಸಿಯಾಗ ಅಷ್ಟ ಬಿಟ್ಟುಕೊಡಬಹುದು. ನೀವ ಒಡಸಬ್ಯಾಡ್ರಿ, ಯಾಕಂದ್ರ ಒಬ್ಬರ ವಾಸ್ತು ಇನ್ನೊಬ್ಬರಿಗೆ ಆಗಂಗಿಲ್ಲ.

5. ಫೋಟೋ, ಜಾಹೀರಾತು

ಮೊಬೈಲ್ ಸಾಕು. ಮುಂಜಾನೆ ಬೆಳಕಿನ್ಯಾಗ, ಕಿಟಕಿ ಎಲ್ಲಾ ತಗದು, ಮೊಬೈಲ್ ಅಡ್ಡ ಹಿಡದು, ಖೋಲಿ ಮೂಲಿಯಿಂದ ಎದಿ ಎತ್ತರದಾಗ ತಗೀರಿ. ಅದಕ್ಕಿಂತ ಮೊದ್ಲ ಹಗ್ಗದ ಮ್ಯಾಲಿನ ಅರಬಿ, ಪಡಸಾಲಿಯಾಗಿನ ಜೋಳದ ಚೀಲ, ಫ್ರಿಜ್ ಮ್ಯಾಲಿನ ಗುಳಿಗಿ ಡಬ್ಬಿ ತಗದಿಡ್ರಿ. ಮನಿ ಮುಂದಿನ ರಸ್ತಾದ ಫೋಟೋ ಬೇಕ ಬೇಕು, ಕಾರ್ ಹೋಗ್ತೈತೇನ ಅಂತ ಎಲ್ಲಾರೂ ಕೇಳ್ತಾರ. ಖೋಲಿನ ಎರಡು ಪಟ್ಟು ದೊಡ್ಡದ ತೋರ್ಸೂ ವೈಡ್ ಫೋಟೋ ಬ್ಯಾಡ, ಬಂದು ನೋಡಿದಾವ್ರಿಗೆ ಮೋಸ ಅನಸ್ತೈತಿ.

"ಸುಂದರ ಮನೆ ಮಾರಾಟಕ್ಕಿದೆ, ಕೂಡಲೇ ಸಂಪರ್ಕಿಸಿ" ಅಂತ ಹಾಕಿದ್ರ ಏನೂ ತಿಳಿಯಂಗಿಲ್ಲ. ಹಿಂಗ ಬರೀರಿ:

"ವಿಜಯಪುರ, ಸೋಲಾಪುರ ರಸ್ತೆ ಕಡೆ, 30×40 ಪ್ಲಾಟ್, ಪೂರ್ವ ಬಾಗಿಲು, ಎರಡು ಬೆಡ್‌ರೂಮು, 2010ರಲ್ಲಿ ಕಟ್ಟಿದ್ದು. 30 ಅಡಿ ರಸ್ತೆ, ಕಾರ್ ನಿಲ್ತದ. ನಳ, ಬೋರ್ ಎರಡೂ ಅವ, ಬೋರ್ ನೀರು ಸ್ವಲ್ಪ ಸವಳು. ಇ-ಖಾತಾ ಎ, ಇ.ಸಿ. ಕ್ಲಿಯರ್, ಬ್ಯಾಂಕ್ ಲೋನ್ ಆಗ್ತದ. 38 ಲಕ್ಷ, ಪೂರ್ತಿ ಕಾಗದದಲ್ಲಿ. ಮಾಲೀಕರೇ ಮಾತಾಡ್ತಾರೆ."

ಅದರಾಗ ರೇಟ್ ಐತಿ, ಸವಳ ನೀರೂ ಐತಿ, ಲೋನ್ ಆಗ್ತೈತಿ ಅನ್ನೂದೂ ಐತಿ. ಇದನ್ನ ಓದಿ ಫೋನ್ ಮಾಡಾವ ಅರ್ಧ ಮನಸ್ಸು ಮಾಡೇ ಮಾಡ್ತಾನ. ಬೆಳಗಾವಿ ಮನಿ ಆದ್ರ ಇದನ್ನ ಮರಾಠಿಯಾಗೂ ಬರಸ್ರಿ, ಇಲ್ಲಂದ್ರ ಗಿರಾಕಿ ಒಳಗ ದೊಡ್ಡ ಪಾಲು ಕೈ ಬಿಟ್ಟಂಗ.

ಎಲ್ಲಿ ಹಾಕಬೇಕು? ಓಎಲ್‌ಎಕ್ಸ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್, 99 ಏಕರ್ಸ್, ಹಾಕ್ರಿ, ಪುಕ್ಕಟೆ. ಆದ್ರ ನಮ್ಮ ಊರಾಗ ಮನಿ ಹೆಚ್ಚಾಗಿ ಹೋಗೂದು ವಾಟ್ಸಾಪ್ ಮ್ಯಾಲ ಮತ್ತ ಬಾಯಿ ಮಾತಿನ ಮ್ಯಾಲ. ಈ ಮನಿ ಯಾರಿಗೆ ಹೊಂದತೈತಿ ಅಂತ ವಿಚಾರ ಮಾಡ್ರಿ. ಬಾಗಲಕೋಟಿ ವಿದ್ಯಾಗಿರಿ ಹತ್ರ ಇದ್ರ ಕಾಲೇಜಿನಾವ್ರು, ಇಲ್ಲಾ ಹುಡುಗ್ರಿಗೆ ಬಾಡಗಿ ಕೊಡಾಕ ತಗೊಳ್ಳಾವ್ರು, ಅವರಿಗೆ ಈಗ ಎಷ್ಟು ಬಾಡಗಿ ಬರ್ತೈತಿ ಅನ್ನೂದ ಮುಖ್ಯ. ಬೆಳಗಾವಿಯಾಗ ಮಿಲಿಟರಿಯಿಂದ ನಿವೃತ್ತಿ ಆಗಿ ನೆಲಿ ನಿಲ್ಲಾವ್ರು ಭಾಳ. ಮಾಸ್ತರ ಗುಂಪು, ಸಾರಿಗೆ ನೌಕರರ ಗುಂಪು, ಹೆಸ್ಕಾಂ ಗುಂಪು, ಪರಿಚಯದಾವ್ರ ಕಡೆಯಿಂದ ಅಲ್ಲಿ ಹಾಕಸ್ರಿ. ವರ್ಗಾವಣಿ, ಸಾಲಿ ಅಡ್ಮಿಷನ್ ಸಲುವಾಗಿ ಏಪ್ರಿಲ್‌ದಿಂದ ಜೂನ್ ಚಲೋ. ಆಷಾಢ, ಪಿತೃಪಕ್ಷದಾಗ ಯಾರೂ ಇಸಾರ (ಮುಂಗಡ) ಕೊಡಂಗಿಲ್ಲ, ಆವಾಗ ಫೋನ್ ಬರಲಿಲ್ಲಂತ ರೇಟ್ ಇಳಸಬ್ಯಾಡ್ರಿ, ಆ ಟೈಮಿನ್ಯಾಗ ಕಾಗದ, ರಿಪೇರಿ ಮುಗಿಸ್ಕೋರಿ, ದಸರಾ ದೀಪಾವಳಿಗೆ ಹೊಸಾ ಫೋಟೋ ಹಾಕ್ರಿ.

ಎಚ್ಚರಿಕಿ ಒಂದು. "ನಾನು ಆರ್ಮಿಯಾಗ ಅದೀನಿ, ಮನಿ ಫೋಟೋದಾಗ ನೋಡೀನಿ, ಪಸಂದ ಆತು, ಅಡ್ವಾನ್ಸ್ ಕಳಸ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡ್ರಿ" ಅಂತ ಫೋನ್ ಬಂದ್ರ ಕಟ್ ಮಾಡ್ರಿ. ರೊಕ್ಕ ತಗೊಳ್ಳಾಕ ಯುಪಿಐ ಪಿನ್ ಹಾಕೂ ಕೆಲಸ ಇಲ್ಲ. ಮನಿ ನೋಡದ ತಗೊಳ್ಳಾವ ಗಿರಾಕಿ ಅಲ್ಲ.

6. ದಲ್ಲಾಳಿ

ಇರ್ಲಿ, ಆದ್ರ ಒಬ್ಬರೋ ಇಬ್ಬರೋ. ಐದು ಮಂದಿಗೆ ಕೊಟ್ರ ಐದು ರೇಟ್ ಊರಾಗ ತಿರಗ್ತಾವ, ಒಬ್ಬ 38 ಅಂತಾನ, ಇನ್ನೊಬ್ಬ ಮ್ಯಾಲ ತಂದು ಎರಡು ಲಕ್ಷ ಇಟ್ಟು 40 ಅಂತಾನ, ಗಿರಾಕಿಗೆ ಇದರಾಗ ಏನೋ ಐತಿ ಅನಸ್ತೈತಿ. ಕಮಿಷನ್ ಎಷ್ಟು, ಯಾವಾಗ ಕೊಡೂದು (ನೋಂದಣಿ ಆದ ಮ್ಯಾಲ), ಮೊದ್ಲ ವಾಟ್ಸಾಪಿನ್ಯಾಗಾದ್ರೂ ಬರದು ಇಟ್ಟುಕೋರಿ. ಮೂಲ ಕಾಗದ ಕೈಗೆ ಕೊಡಬ್ಯಾಡ್ರಿ, ಝೆರಾಕ್ಸ್ ಸಾಕು.

7. ಮನಿ ತೋರಿಸೂ ದಿನ

ವಿಜಯಪುರದ ಏಪ್ರಿಲ್ ಮೇ ಮಧ್ಯಾಹ್ನ ಯಾರನ್ನೂ ಕರೀಬ್ಯಾಡ್ರಿ, ಸ್ಲ್ಯಾಬ್ ಕಾದು ಒಳಗ ನಿಲ್ಲಾಕ ಆಗಂಗಿಲ್ಲ, ಮುಂಜಾನೆ ಎಂಟು ಒಂಬತ್ತಕ್ಕ ಕರೀರಿ. ಕೀಲಿ ಹಾಕಿದ ಮನಿ ಆದ್ರ ಹಿಂದಿನ ದಿನ ಹೋಗಿ ಕಸಾ ಹೊಡದು, ಬಚ್ಚಲಕ್ಕ ನೀರು ಹಾಕಿ, ಕಿಟಕಿ ತಗದಿಡ್ರಿ. ಮೀಟರ್ ಬಂದ್ ಮಾಡಸಬ್ಯಾಡ್ರಿ, ಮೊಬೈಲ್ ಟಾರ್ಚ್ ಹಿಡದು ತೋರಿಸಿದ ಮನಿ ಯಾರೂ ತಗೊಂಡಿಲ್ಲ.

ಬಾಡಗಿದಾರರು ಇದ್ರ ಅವರ ಜೋಡಿ ಮೊದ್ಲ ಸರಿಯಾಗಿ ಮಾತಾಡ್ರಿ. ತಮಗ ಮನಿ ಬಿಡೂದು ಬರ್ತೈತಿ ಅಂತ "ಇಲ್ಲಿ ನೀರ ಬರೂದಿಲ್ರಿ" ಅಂತ ಗಿರಾಕಿ ಕಿವಿಯಾಗ ಹೇಳಾವ್ರು ಅದಾರ. ಬಿಡಾಕ ಟೈಮ್ ಕೊಡ್ರಿ, ಡಿಪಾಸಿಟ್ ಯಾವಾಗ ಕೊಡ್ತೀರಿ ಹೇಳ್ರಿ, ಒಂದು ತಿಂಗಳ ಬಾಡಗಿ ಬಿಟ್ರೂ ಲುಕ್ಸಾನಿಲ್ಲ. ಪಕ್ಕದ ಮನಿಯಾವ್ರ ಜೋಡಿ ಕಂಪೌಂಡ್ ಜಗಳ ಇದ್ರ ಅದನ್ನೂ ಮುಗಸ್ರಿ, ಗಿರಾಕಿ ಸಂಜಿಮುಂದ ಒಬ್ಬನ ಬಂದು ಓಣಿಯಾಗ ಕೇಳಿಕೊಂಡು ಹೋಗ್ತಾನ. ವರ್ಷಗಟ್ಟಲೆ ಖಾಲಿ ನಿಂತ ಮನಿಗೆ "ಆ ಮನ್ಯಾಗ ಏನೋ ಐತಂತ" ಅನ್ನೂ ಪುಕಾರೂ ಹುಟ್ಟತೈತಿ. ಅದಕ್ಕ ಮದ್ದು ಒಂದ, ಯಾರನ್ನಾದ್ರೂ ಕಡಿಮಿ ಬಾಡಗಿಗೆ ಇಟ್ಟು ದೀಪಾ ಹಚ್ಚಸ್ರಿ, ಹನ್ನೊಂದು ತಿಂಗಳ ಕರಾರು ಬರದು, ಮನಿ ಮಾರಾಟಕ್ಕ ಐತಿ ಅಂತ ಅದರಾಗ ನಮೂದ ಮಾಡಿ.

ಚೌಕಾಸಿಯಾಗ ಮೊದ್ಲ ರೊಕ್ಕ ಹೆಂಗ ತರ್ತೀರಿ ಅಂತ ಕೇಳ್ರಿ, ರೇಟ್ ಆಮ್ಯಾಲ. ಲೋನ್ ಪೂರ್ವ ಮಂಜೂರಾತಿ ಪತ್ರ ಕೈಯಾಗಿದ್ದು 36 ಅನ್ನಾವ, ಹೊಲಾ ಮಾರಿ ಕೊಡ್ತೀನಿ ಅಂತ 39 ಅನ್ನಾವನಿಗಿಂತ ಎಷ್ಟೋ ಚಲೋ.

8. ಇಸಾರದಿಂದ ನೋಂದಣಿತನಕ

ಇಸಾರ, ಬೆಳಗಾವಿ ಕಡೆ ಸಂಚಕಾರ ಅಂತಾರ, ಅಂದ್ರ ಸೌದಾ ಪಕ್ಕಾ ಮಾಡಾಕ ಕೊಡೂ ಮುಂಗಡ. ಚೆಕ್ ಇಲ್ಲಾ ಆನ್‌ಲೈನ್ ಮ್ಯಾಲ ತಗೋರಿ. ಕರಾರು ಪತ್ರದಾಗ ಒಟ್ಟ ರೇಟ್, ಕೊಟ್ಟದ್ದು, ಉಳಿದದ್ದು, ಕಡೇ ತಾರೀಖ, ಲೋನ್ ಆಗಲಿಲ್ಲಂದ್ರ ಏನು, ಗಿರಾಕಿ ಹಿಂದ ಸರದ್ರ ಏನು, ನೀವ ಸರದ್ರ ಏನು, ಮನ್ಯಾಗ ಏನೇನು ಬಿಟ್ಟು ಹೋಗ್ತೀರಿ (ಮೋಟರ್, ಇನ್ವರ್ಟರ್, ಫ್ಯಾನು, ಸೋಲಾರ್), ಎಲ್ಲಾ ಇರ್ಲಿ. ಮೋಟರ್ ಸಲುವಾಗಿ ಕೀಲಿ ಕೊಡೂ ದಿನ ಜಗಳ ಆಗಿದ್ದು ಎಷ್ಟೋ. ಮತ್ತ ಪೂರ್ತಿ ರೊಕ್ಕ ಬರೂತನಕ ಕೀಲಿ ಕೊಡಬ್ಯಾಡ್ರಿ, "ಮುಹೂರ್ತ ಐತ್ರಿ, ಬರೇ ಹಾಲು ಉಕ್ಕಿಸ್ತೀವಿ" ಅಂದ್ರೂ ಕೊಡಬ್ಯಾಡ್ರಿ, ಒಳಗ ಬಂದ ಮ್ಯಾಲ ಹೊರಗ ಹಾಕೂದು ಕೋರ್ಟ್ ಕೆಲಸ ಆಗ್ತೈತಿ.

ರೇಟ್ 50 ಲಕ್ಷ ಇಲ್ಲಾ ಅದಕ್ಕಿಂತ ಮ್ಯಾಲ ಇದ್ರ ಗಿರಾಕಿ ಶೇ. 1 ಟಿಡಿಎಸ್, ಅಂದ್ರ ನಿಮ್ಮ ಹೆಸರಿನ್ಯಾಗ ಮೊದ್ಲ ಕಟ್ಟೂ ಆದಾಯ ತೆರಿಗೆ, ಮುರ್ಕೊಂಡು ಕೊಡ್ತಾನ. ಅದರ ಸರ್ಟಿಫಿಕೇಟ್ ಇಸ್ಕೋರಿ, ರಿಟರ್ನ್ ತುಂಬೂಮುಂದ ಬೇಕಾಗ್ತೈತಿ.

ನೋಂದಣಿಗೆ ಈಗ ನಿಮ್ಮ ಏರಿಯಾದ ಆಫೀಸ ಬೇಕಂತಿಲ್ಲ, 2024ರ ಸೆಪ್ಟೆಂಬರ್‌ದಿಂದ ಜಿಲ್ಲಾದಾಗಿನ ಯಾವ ಸಬ್ ರಜಿಸ್ಟ್ರಾರ್ ಆಫೀಸಿನ್ಯಾಗಾದ್ರೂ ಮಾಡಸಬಹುದು. ಕಾವೇರಿಯಾಗ ಕರಡು ಹಾಕೂಮುಂದ ಹೆಸರು ಆಧಾರದಾಗ ಇದ್ದಂಗ, ಖಾತಾದಾಗ ಇದ್ದಂಗ ಒಂದ ಐತೇನ ನೋಡ್ರಿ. ಬಸಪ್ಪ, ಬಸವರಾಜ, ಬಸು ಅಂತ ಮೂರು ಕಾಗದದಾಗ ಮೂರು ಇದ್ರ ಅಲ್ಲೇ ನಿಲ್ತೈತಿ. ಬ್ಯಾಂಕಿನ ಡಿಡಿ ಕೈಗೆ ಬಂದ ಮ್ಯಾಲ ಸಹಿ.

ಕೀಲಿ ಕೊಡೂ ದಿನ ಹೆಸ್ಕಾಂ ಮೀಟರ್ ರೀಡಿಂಗ್ ಫೋಟೋ ತಕ್ಕೋರಿ, ಅಲ್ಲಿತನಕದ ಬಿಲ್ಲು, ನೀರಿನ ಬಾಕಿ, ತೆರಿಗೆ ನೀವ ಕಟ್ಟಿ ರಸೀದಿ ಕೊಡ್ರಿ. ಆರ್.ಆರ್. ನಂಬರ್ (ಕರೆಂಟ್ ಕನೆಕ್ಷನ್ ನಂಬರ್) ಹೆಸರ ಬದಲಾವಣಿ ಅರ್ಜಿಗೆ ಅವತ್ತ ಸಹಿ ಹಾಕಿ ಕೊಟ್ಟು ಬಿಡ್ರಿ, ಇಲ್ಲಂದ್ರ ಹೊಸಾಬ್ರು ಬಿಲ್ ಕಟ್ಟಲಿಲ್ಲಂದ್ರ ಬಾಕಿ ನೋಟಿಸ್ ಬರೂದು ನಿಮ್ಮ ಹೆಸರಿಗೆ.